ಲಾಂಚ್ ನಿಲ್ಲಿಸುತ್ತಿದ್ದ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ಬಂದ ದಿನ ಹೆಡ್‌ಮಾಸ್ತರರು ಮಕ್ಕಳನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಎರಡು ಮಾತಾಡಿದರು. ಅಕ್ಕೋರಿಗೆ ಹಕ್ಕಿಗಳೆಂದರೆ ಪ್ರಾಣ, ಕಡಲಹಕ್ಕಿ ನೋಡುವ ಆಸೆಗೇ ಅವರು ಶನಿವಾರ ಬಂತೆಂದರೆ ಲಾಂಚ್ ಹತ್ತಲು ಓಡುತ್ತಿದ್ದರು, ಅಂಥ ಮೃದು ಹೃದಯ ಎಂದರು. ಮಕ್ಕಳು ತಲೆ ತಗ್ಗಿಸಿ ನಿಂತಿದ್ದವು. ನನಗೆ ಮಾತ್ರ ಒಳಗೊಳಗೇ ಸಿಟ್ಟು ಬರುತ್ತಿತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಆದರೆ ಇಲ್ಲದ ಒಳ್ಳೆಯದನ್ನು ಯಾಕೆ ಆಡಬೇಕು? ಅಕ್ಕೋರಿಗೆ ಹಕ್ಕಿಗಳ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವರು ನೋಡುತ್ತಿದ್ದದ್ದು ಹಕ್ಕಿಯ ಕೆಳಗಿನ ನೀರನ್ನು.

ಐವತ್ತರ ದಶಕದ ಮಾತು ಇದು. ಮಸೀದಿ ಬಂದರಿನ ಮೆಣಸಿನಕಾಯಿ ಗೋದಾಮುಗಳ ಹಿಂದಿನ ಗಲ್ಲಿಯಲ್ಲಿ ನಮ್ಮ ಕನ್ನಡ ಶಾಲೆ. ಮಕ್ಕಳು ಮಗ್ಗಿ ಹೇಳುತ್ತ ಹೇಳುತ್ತ ಸೀನುತ್ತಿದ್ದವು. ನಾನು ಮೈಸೂರಿನ ಕಡೆಯವಳು, ಮುಲುಂಡಿನಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು ಅಲ್ಲಿ ಪಾಠ ಹೇಳಲು ಸೇರಿದ್ದೆ. ಅಕ್ಕೋರು ವಿಜಾಪುರದವರು. ಅವರ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುತ್ತಾರೆ. ಹಾಗೆ ನೋಡಿದರೆ ನಾನೂ ಅಕ್ಕೋರೇ. ಆದರೆ ನಮ್ಮ ಶಾಲೆಯಲ್ಲಿ ಅಕ್ಕೋರು ಎಂದರೆ ಅವರೊಬ್ಬರೇ, ಉಳಿದ ನಾವೆಲ್ಲ ಬರೀ ಟೀಚರ್‌ಗಳು.

ಒಣಕಲು ಮೈ, ಕಚ್ಚೆ ಹಾಕಿ ಉಟ್ಟ ಸೀರೆ, ಕಂಕುಳಲ್ಲಿ ಸದಾ ಒಂದು ಕೊಡೆ. ಮಳೆಗೂ ಅದೇ, ಬಿಸಿಲಿಗೂ ಅದೇ, ಲೋಕಲ್ಲಿನ ಬಾಗಿಲಲ್ಲಿ ಜಾಗ ಮಾಡಿಕೊಳ್ಳುವುದಕ್ಕೂ ಅದೇ. ನನ್ನ ಮಾತು ಅವರಿಗೆ ಎಂದೂ ರುಚಿಸಲಿಲ್ಲ. "ನಿಮ್ಮ ಮೈಸೂರ ಕನ್ನಡಾ ಅಂದ್ರ ಹಾಲಿನ್ಯಾಗ ನೆನಸಿದ ಬ್ರೆಡ್ ಇದ್ಧಾಂಗ ನೋಡವಾ. ಹಲ್ಲಿಗೆ ಕೆಲಸನ ಇಲ್ಲ" ಎನ್ನುತ್ತಿದ್ದರು. ಅವರ ಮಾತಿಗೆ ಹಲ್ಲಷ್ಟೇ ಅಲ್ಲ, ದವಡೆಯೂ ಬೇಕಾಗುತ್ತದೆ ಎಂದು ನಾನೂ ಬಿಡದೆ ಹೇಳುತ್ತಿದ್ದೆ.

ಅವರ ಗಂಡ ಬಂದರಿನಾಚೆ ಉರಣದಲ್ಲಿ ಉಪ್ಪಿನ ಕಚೇರಿಯ ಗುಮಾಸ್ತರು. ಮೆತ್ತಗಿನ ಮನುಷ್ಯ. ಗೂರಲು ಕಾಯಿಲೆ, ಅಡಿಗೆ ಅವರೇ ಮಾಡಿಕೊಳ್ಳಬೇಕು. ಅಕ್ಕೋರು ವಾರವೆಲ್ಲ ಚೆಂಬೂರಿನಲ್ಲಿ ತಮ್ಮನ ಮನೆಯಲ್ಲಿದ್ದು, ಶನಿವಾರ ಅರ್ಧ ದಿನದ ಶಾಲೆ ಮುಗಿದೊಡನೆ ಭಾವೂಚಾ ಧಕ್ಕೆ ಎಂಬ ದೋಣಿಕಟ್ಟೆಗೆ ಹೋಗಿ ಮೋರಾ ಲಾಂಚ್ ಹಿಡಿಯುತ್ತಿದ್ದರು. ಮೋರಾದಲ್ಲಿ ಇಳಿದರೆ ಉರಣ ಹತ್ತಿರ. ರಸ್ತೆಯ ಮೇಲೆ ಹೋಗುವುದಾದರೆ ಠಾಣಾ, ಪನವೇಲ ಎಂದು ಊರೆಲ್ಲ ಸುತ್ತಬೇಕು, ರವಿವಾರ ಅಷ್ಟರಲ್ಲೇ ಮುಗಿದುಹೋಗುತ್ತದೆ. ನನ್ನ ಅಕ್ಕನೂ ಉರಣದಲ್ಲೇ ಇದ್ದಳು, ಭಾವನದೂ ಅದೇ ಕಚೇರಿ. ಹೀಗೆ ಎಷ್ಟೋ ಶನಿವಾರ ನಾವಿಬ್ಬರೂ ಒಂದೇ ಲಾಂಚಿನಲ್ಲಿ.

ಲಾಂಚಿನ ಕಥೆಗೆ ಹೋಗುವ ಮೊದಲು ಅವರ ಕ್ಲಾಸಿನ ಒಂದು ಪದ್ಧತಿ ಹೇಳಬೇಕು. ಅಲ್ಲಿ ತಪ್ಪು ಉತ್ತರ ಕೊಟ್ಟ ಮಗುವಿಗೆ ಶಿಕ್ಷೆ ಇರಲಿಲ್ಲ. ಆ ತಪ್ಪಿಗೆ ನಕ್ಕವರಿಗೆ ಇತ್ತು. ಒಮ್ಮೆ ಒಬ್ಬ ಹುಡುಗಿ ಗಂಗಾನದಿ ದಾದರಿನ ಮೇಲೆ ಹರಿಯುತ್ತದೆ ಎಂದಳು. ದಾದರ್ ಬಿಟ್ಟು ಆಚೆ ಹೋಗದ ಮಗು, ಅದಕ್ಕೆ ಗೊತ್ತಿದ್ದ ದೊಡ್ಡ ಹೆಸರು ಅದೊಂದೇ. ಇಡೀ ಕ್ಲಾಸು ಗೊಳ್ಳೆಂದಿತು. ಅಕ್ಕೋರು ಆ ಹುಡುಗಿಯನ್ನು ಬಿಟ್ಟು ಇಡೀ ಕ್ಲಾಸನ್ನು ವರಾಂಡಕ್ಕೆ ಅಟ್ಟಿದರು. ಗಂಟೆ ಹೊಡೆಯುವವರೆಗೆ ಒಬ್ಬಳಿಗೇ ಗಂಗೆಯ ಪಾಠ. ಇದು ಅತಿಯಾಯಿತು ಎಂದು ನಾನು ಅಂದೆ. ಅವರು ಸೀಮೆಸುಣ್ಣದ ಕೈ ಕೊಡವಿಕೊಂಡು, "ತಪ್ಪು ಹೇಳಿದಾಕಿ ನಾಳೆ ಕಲೀತಾಳ. ನಗಿಗೆ ಅಂಜಿ ಬಾಯಿ ಮುಚ್ಚಿದಾಕಿ ಮುಂದ ಯಾರಿಗೂ ಉಪಯೋಗ ಬರೂದಿಲ್ಲ" ಎಂದರು. ದೊಡ್ಡ ಮಾತು ಎಂದುಕೊಂಡೆ. ಅದು ಅವರ ಮೈಮೇಲಿನ ಗಾಯ ಎಂದು ಆಗ ನನಗೆ ತಿಳಿದಿರಲಿಲ್ಲ.

ಲಾಂಚಿನಲ್ಲಿ ಹೆಂಗಸರಿಗೆಂದು ನೆರಳಿನಲ್ಲಿ ಬೆಂಚು ಇತ್ತು. ಅಕ್ಕೋರು ಅದರ ಮೇಲೆ ಕೂತದ್ದನ್ನು ನಾನು ಕಂಡಿರಲಿಲ್ಲ. ಹತ್ತಿದವರೇ ಎಡಗಡೆಯ ಕಟಕಟೆ ಹಿಡಿದು ನಿಂತುಬಿಡುವರು. ದೀಪಾವಳಿ ಕಳೆದು ಗಾಳಿ ತಣ್ಣಗಾದ ಮೇಲೆ ಕಡಲಹಕ್ಕಿಗಳು ಬರುತ್ತಿದ್ದವು, ಬಿಳಿ ಮೈ, ಬೂದು ರೆಕ್ಕೆ, ಕಣ್ಣಿನ ಹಿಂದೆ ಕಾಡಿಗೆ ಒರೆಸಿದ ಹಾಗೆ ಒಂದು ಕರಿ ಮಚ್ಚೆ. ಧಕ್ಕೆ ಬಿಟ್ಟೊಡನೆ ಲಾಂಚಿನ ಹಿಂದೆ ಕಿರಿಚುತ್ತ ಬೀಳುತ್ತಿದ್ದವು. ಜನ ಕುರುಮುರಿ ಎಸೆಯುತ್ತಿದ್ದರು. ಅಕ್ಕೋರು ಒಣಗಿದ ಜೋಳದ ಭಕ್ಕರಿಯನ್ನು ಮುರಿಮುರಿದು ಎಸೆಯುತ್ತಿದ್ದರು. "ಮೀನು ತಿನ್ನೋ ಹಕ್ಕಿಗೆ ಮಡಿ ಊಟ ಹಾಕ್ತೀರಲ್ಲ" ಎಂದು ನಾನು ಕಾಡಿದರೆ, "ತಿಂತಾವ ಇಲ್ಲೋ ನೋಡು. ಹಸದವ್ರಿಗೆ ಮಡಿ ಮೈಲಿಗಿ ಎಲ್ಲೀದು" ಎನ್ನುವರು.

ಫಾಲ್ಗುಣ ಬಂತೆಂದರೆ ಆ ಹಕ್ಕಿಗಳ ಬಿಳಿ ತಲೆ ದಿನದಿನಕ್ಕೆ ಕಪ್ಪಾಗುತ್ತಿತ್ತು. ತಲೆ ಪೂರಾ ಕಪ್ಪಾದವು ಮುಂದಿನ ವಾರ ಕಾಣುತ್ತಿರಲಿಲ್ಲ, ಉತ್ತರಕ್ಕೆ ಹೊರಟುಹೋಗುತ್ತಿದ್ದವು. "ನಮಗ ಹೋಗೂ ಮುಂದ ತಲಿ ಬೆಳ್ಳಗಾಗ್ತದ, ಇವಕ್ಕ ಕರ್ರಗಾಗ್ತದ" ಎಂದು ಒಮ್ಮೆ ಅಂದಿದ್ದರು. ಹಕ್ಕಿಗಳ ಬಗ್ಗೆ ಅವರು ಆಡಿದ ಒಂದೇ ಒಂದು ಚಂದದ ಮಾತು ಅದು. ಉಳಿದಂತೆ ಅವರಿಗೆ ಬೇಕಾಗಿದ್ದದ್ದು ಇಷ್ಟೇ: ಹಕ್ಕಿ ಎಲ್ಲಿ ಗುಂಪು ಕಟ್ಟಿತು, ಅದರ ಕೆಳಗೆ ಏನಿದೆ.

ಯಾಕೆಂದರೆ ಅವರು ಲಾಂಚ್ ನಿಲ್ಲಿಸುತ್ತಿದ್ದರು. ನೀರಿನ ಮೇಲೆ ಒಂದು ಕಡೆ ಹಕ್ಕಿಗಳು ಸುತ್ತುತ್ತಿದ್ದು, ಕೆಳಗೆ ಕಪ್ಪಗೆ ಏನಾದರೂ ತೇಲಿದರೆ ಸಾಕು, "ಥಾಂಬವಾ" ಎಂದು ಕೂಗುವರು. ನಿಲ್ಲಿಸು ಎಂದು ಅರ್ಥ. ಇಷ್ಟು ವರ್ಷ ಮುಂಬಯಿಯಲ್ಲಿದ್ದು ಅವರು ತಪ್ಪಿಲ್ಲದೆ ಉಚ್ಚರಿಸುತ್ತಿದ್ದ ಮರಾಠಿ ಶಬ್ದ ಅದೊಂದೇ ಇರಬೇಕು. ಲಾಂಚ್ ನಡೆಸುವ ತಾಂಡೇಲ, ಮೋರಾ ಕಡೆಯ ಕೋಳೀ ಜಾತಿಯ ಮುದಿ ಬೆಸ್ತ, ಗೊಣಗುತ್ತ ಎಂಜಿನ್ ಇಳಿಸುತ್ತಿದ್ದ. ಹತ್ತಿರ ಹೋಗಿ ನೋಡಿದರೆ ಒಂದು ಸಲ ಖಾಲಿ ಪೀಪಾಯಿ, ಒಂದು ಸಲ ಬಲೆಯ ಬೆಂಡು, ಒಂದು ಸಲ ಭಾದ್ರಪದದಲ್ಲಿ ಮುಳುಗಿಸಿದ ಗಣಪತಿಯ ಮರದ ಪೀಠ. ಮೀನು ಒಯ್ಯುವವರು, ಕಾಯಿಪಲ್ಲೆಯವರು, ಕೋರ್ಟಿನ ಕೆಲಸಕ್ಕೆ ಹೋಗಿ ಬಂದವರು, ಎಲ್ಲರೂ ಬೈಯುತ್ತಿದ್ದರು. ಅಕ್ಕೋರು ಯಾರ ಕಡೆಗೂ ನೋಡದೆ ಮತ್ತೆ ಕಟಕಟೆ ಹಿಡಿದು ನಿಲ್ಲುವರು. ಅವರ ಪಕ್ಕ ನಿಲ್ಲಲು ನನಗೆ ನಾಚಿಕೆಯಾಗುತ್ತಿತ್ತು.

ಅವರ ಹಳೆಯ ಕಥೆಯನ್ನು ನನಗೆ ಹೇಳಿದವನು ತಾಂಡೇಲನೇ. ವಿಜಾಪುರದಿಂದ ಹೊಸದಾಗಿ ಬಂದಾಗ ಅಕ್ಕೋರು ಸಮುದ್ರ ನೋಡಿದವರೇ ಅಲ್ಲ. ಅವರ ನೀರೆಂದರೆ ಊರ ಕೆರೆ, ಕೆರೆಯಲ್ಲಿ ಬಿದ್ದುಕೊಂಡ ಎಮ್ಮೆ. ಮೊದಲ ಸಲ ಲಾಂಚ್ ಹತ್ತಿ ಗಂಡನ ಜೊತೆ ಹೋಗುತ್ತಿದ್ದಾಗ, ಬಂದರಿನ ನಡುವೆ ಒಂದು ಕರಿಯ ಬೆನ್ನು ಎದ್ದು ಹೊರಳಿ ಮುಳುಗಿತು. ಡಾಲ್ಫಿನ್. ಅಲ್ಲಿನವರು ಗಾದಾ ಎನ್ನುತ್ತಾರೆ. ಅಕ್ಕೋರು ಎದೆ ಬಡಿದುಕೊಂಡು, "ಅಯ್ಯ, ಎಮ್ಮಿ ಮುಣಗಲಿಕ್ಕತ್ತದರೀ, ಯಾರರೆ ಹಿಡೀರಿ" ಎಂದು ಕೂಗಿಕೊಂಡರಂತೆ. ಗಂಡ ನಾಚಿಕೆಯಿಂದಲೇ ಅದನ್ನು ಮರಾಠಿಗೆ ತಿರುಗಿಸಿ ಹೇಳಿದರು. "ಬಾಈ, ತೋ ಗಾದಾ ಆಹೇ, ಮ್ಹೈಸ್ ನಾಹೀ" ಅದು ಗಾದಾ, ಎಮ್ಮೆಯಲ್ಲ ಎಂದು ತಾಂಡೇಲ ಅಂದದ್ದೇ, ಲಾಂಚಿಗೆ ಲಾಂಚೇ ನಕ್ಕಿತು. ಅಂದಿನಿಂದ ಅವರು ಎಮ್ಮೆ ಬಾಈ, ಎಮ್ಮೆಯಮ್ಮ. ನಗುವವರ ಮುಂದೆ ಎಡವಿ ಬಿದ್ದ ಹಾಗೆ, ಮುಂದೆ ಎಷ್ಟೋ ದಿನ ಧಕ್ಕೆಯ ಮೇಲೆ ಅವರನ್ನು ಕಂಡರೆ ಯಾರಾದರೂ ಎಮ್ಮೆಯ ಹಾಗೆ ಕೂಗುತ್ತಿದ್ದರು.

ಇದನ್ನು ಕೇಳಿ ನಾನೂ ನಕ್ಕೆ. ಮುಂದಿನ ಶನಿವಾರ ಕಟಕಟೆಯ ಬಳಿ, "ಏನಕ್ಕೋರೇ, ಎಮ್ಮೆ ಸಿಕ್ಕಿತೇ" ಎಂದು ಕೇಳಿಯೂಬಿಟ್ಟೆ. ಅವರು ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಎಮ್ಮಿ ಆದ ಮುಂದಿನ ವರ್ಷದ ಮಾತು. ನೀ ಇನ್ನೂ ಮುಂಬಯಿಗೆ ಬಂದಿದ್ದಿಲ್ಲ. ಹಿಂಗ ಶನಿವಾರ, ಹಿಂಗ ಬಿಸಲು. ಹಕ್ಕಿ ಒಂದ ಕಡೆ ತಿರಗಲಿಕ್ಕತ್ತಿದ್ವು. ಕೆಳಗ ಕರ್ರಗ ಏನೋ ಎದ್ದು ಮುಣಗ್ತು. ಮತ್ತ ಎದ್ದು ಮುಣಗ್ತು. ಕೂಗು ಬಾಯಿತನಕಾ ಬಂದಿತ್ತವಾ. ಅಷ್ಟರಾಗ ಎಮ್ಮಿ ನೆನಪಾತು. ಮತ್ತ ನಕ್ಕಾರು ಅಂತ ನುಂಗಿಕೊಂಡೆ. ಮರುದಿನ ಮೋರಾದ ಕೆಸರಿನ್ಯಾಗ ಒಬ್ಬಾವನ ಹೆಣ ಸಿಕ್ತು. ಉಪ್ಪಿನ ದೋಣಿಯಿಂದ ಬಿದ್ದ ಹಮಾಲ."

"ನೀವು ಕಂಡದ್ದು ಅವನನ್ನೇ ಅಂತ ಹೇಗೆ ಹೇಳ್ತೀರಿ? ಅದು ಮೀನೇ ಇದ್ದಿರಬಹುದು" ಎಂದೆ.

"ನಮ್ಮವರೂ ಹಂಗ ಅಂತಾರ. ನೀ ಲಕ್ಷಗೊಟ್ಟು ನೋಡು. ಗಾದಾ ಮುಣಗಿದಲ್ಲೆ ಏಳೂದಿಲ್ಲ, ಮುಂದ ಹೋಗಿ ಏಳತದ. ಮನಶ್ಯಾ ಮುಣಗಿದಲ್ಲೇ ಏಳತಾನ. ನಾ ನೋಡಿದ್ದು ಮುಣಗಿದಲ್ಲೇ ಎದ್ದಿತ್ತು."

ಆಮೇಲೆ ನಾನು ಅವರ ಪಕ್ಕ ನಿಲ್ಲಲು ನಾಚಲಿಲ್ಲ. ಆದರೆ ಅವರು ಪೀಪಾಯಿಗಳಿಗೆ ಲಾಂಚ್ ನಿಲ್ಲಿಸುವುದು ಸರಿ ಎಂದೂ ನನಗೆ ಅನ್ನಿಸಲಿಲ್ಲ. ಒಬ್ಬನನ್ನು ಕಳೆದುಕೊಂಡದ್ದಕ್ಕೆ ಊರಿಗೆಲ್ಲ ತಡ ಮಾಡಿಸುವುದು ಎಲ್ಲಿಯ ನ್ಯಾಯ?

ಕೊನೆಗೆ ಲಾಂಚ್ ಮಾಲಿಕರ ಏಜೆಂಟನಿಗೂ ತಾಳ್ಮೆ ತಪ್ಪಿತು. ಧಕ್ಕೆಯ ಟಿಕೆಟ್ ಕಿಟಕಿಯಲ್ಲಿ, ಎಲ್ಲರ ಎದುರಿಗೇ, "ಬಾಈ, ಯೇ ಲಾಂಚ್ ಹೈ, ಟ್ರಾಮ್ ನಹೀಂ. ಅಗಲೀ ಬಾರ್ ಝೂಟ್‌ಮೂಟ್ ರುಕಾಯಾ ತೋ ಟಿಕೆಟ್ ಬಂದ್" ಎಂದ. ಇನ್ನೊಮ್ಮೆ ಸುಳ್ಳೇ ನಿಲ್ಲಿಸಿದರೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲವೆಂದರೆ ಶನಿವಾರ ಇಲ್ಲ, ಗಂಡನ ಮನೆ ಇಲ್ಲ, ಗೂರಲಿನ ಮನುಷ್ಯನಿಗೆ ವಾರಕ್ಕೊಮ್ಮೆ ಬಿಸಿ ಕಷಾಯ ಇಲ್ಲ. ಇನ್ನೇನಿದ್ದರೂ ಬೇಸಿಗೆ ರಜೆಗೆ ಮುಖ ನೋಡಬೇಕು. ಉರಣದಲ್ಲಿ ಅವರ ಗಂಡ ಇದನ್ನು ಕೇಳಿ ಹೆದರಿಬಿಟ್ಟರು. "ಇನ್ನ ಸಾಕ ಮಾಡು. ನೀ ಬರಲಿಲ್ಲಂದ್ರ ನಾ ಏನ ಮಾಡಲಿ?" ಎಂದು ನನ್ನ ಮುಂದೆಯೇ ಬೇಡಿಕೊಂಡರು. ಅಕ್ಕೋರು ಆಗಲಿ ಎಂದರು. ನಾಲ್ಕಾರು ಶನಿವಾರ ಬಾಯಿ ಬಿಡಲೂ ಇಲ್ಲ. ಏನಾದರೂ ತೇಲಿದ್ದು ಕಂಡರೆ ಕಟಕಟೆಯನ್ನು ಗಟ್ಟಿಯಾಗಿ ಹಿಡಿದು, ಅದು ಹಿಂದೆ ಸರಿಯುವವರೆಗೂ ಕತ್ತು ಹೊರಳಿಸಿ ನೋಡುತ್ತಿದ್ದರು. ಆಗಿನ ಅವರ ಮುಖ ನೋಡಲಾಗುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ. ನೀರಿನ ಮೇಲೆ ಮಬ್ಬು ಹಾಸಿತ್ತು. ಅಕ್ಕೋರು ಭಕ್ಕರಿ ಎಸೆಯುತ್ತಿದ್ದರು, ಹಕ್ಕಿಗಳು ಹಿಂದೆ ಬರುತ್ತಿದ್ದವು. ದಾರಿಗುರುತಿಗೆಂದು ನೀರಿನಲ್ಲಿ ಲಂಗರು ಹಾಕಿ ತೇಲಬಿಟ್ಟ ಕೆಂಪು ಬೋಯಾ ದಾಟಿದ ಮೇಲೆ ಅವು ಒಂದೊಂದಾಗಿ ಭಕ್ಕರಿ ಬಿಟ್ಟು ಪಕ್ಕಕ್ಕೆ ತಿರುಗಿದವು. ತಿನ್ನುವುದನ್ನು ಬಿಟ್ಟು ಹೋಗುವ ಜಾತಿಯಲ್ಲ ಅದು. ಅಕ್ಕೋರ ಕೈಯಲ್ಲಿ ಚೂರು ಹಾಗೆಯೇ ಉಳಿಯಿತು. ದೂರದಲ್ಲಿ ಹಕ್ಕಿಗಳು ಸುತ್ತುತ್ತಿದ್ದ ಜಾಗದಲ್ಲಿ ಕಪ್ಪಗೆ ಏನೋ ಎದ್ದು ಮುಳುಗಿತು.

"ಗಾದಾ, ಗಾದಾ" ಎಂದು ಜನ ಎದ್ದು ನೋಡಿದರು. "ಬಾಈಚೀ ಮ್ಹೈಸ್" ಎಂದು ಯಾರೋ ಅಂದರು, ನಗು ಎದ್ದಿತು. ಬಾಈಯ ಎಮ್ಮೆ ಬಂತು ಎಂದು. ಅಕ್ಕೋರು ನನ್ನ ರಟ್ಟೆ ಹಿಡಿದರು.

"ನೀ ನೋಡು. ನನ್ನ ಕಣ್ಣಿನ ಮ್ಯಾಲೆ ನನಗ ನಂಬಿಗಿಲ್ಲ. ಬೋಯಾದ ನೇರಕ್ಕ ಅದ, ಹೌದಲ್ಲ? ಮುಂದ ಹೋಗ್ತದೇನು?"

ನಾನು ಬೋಯಾದ ಮೇಲೆ ಕಣ್ಣಿಟ್ಟು ನೋಡಿದೆ. ಅದು ಎದ್ದಿತು. ಬೋಯಾದ ನೇರಕ್ಕೇ.

"ಅಲ್ಲೇ ಎದ್ದಿತು" ಎಂದೆ.

"ಥಾಂಬವಾ" ಎಂದು ಅಕ್ಕೋರು ಕೂಗಿದರು.

ನಗು ಇನ್ನೂ ಜೋರಾಯಿತು. ತಾಂಡೇಲ ಚುಕ್ಕಾಣಿಯ ಮೇಲೆ ಕೈಯಿಟ್ಟುಕೊಂಡೇ ತಿರುಗಿ ನೋಡಿದ. ಅವನದು ಒಳ್ಳೆಯ ಜೀವ. "ಬಾಈ, ಟಿಕೆಟ್" ಎಂದಷ್ಟೇ ಅಂದ, ನೆನಪು ಮಾಡಿಕೊಡುವವನ ಹಾಗೆ.

"ಟಿಕೀಟ ಹೋದ್ರ ಹೋಗಲಿ. ಥಾಂಬವಾ."

ಅವರ ದನಿಯಲ್ಲಿ ಏನಿತ್ತೋ, ಅವನು ಲಾಂಚ್ ತಿರುಗಿಸಿದ. ಹತ್ತಿರ ಹೋಗುತ್ತಿದ್ದಂತೆ ನಗು ತಾನಾಗಿ ನಿಂತಿತು. ಒಂದು ಬೊಂಬು, ಬೊಂಬಿನ ಮೇಲೆ ಎರಡು ಕೈ, ಕೈಗಳ ನಡುವೆ ಒಂದು ತಲೆ. ಅಲೆ ಬಂದಾಗ ತಲೆ ಮುಳುಗುತ್ತಿತ್ತು, ಅಲೆ ಹೋದಾಗ ಏಳುತ್ತಿತ್ತು. ಖಲಾಸಿಗಳು ಹಗ್ಗ ಕಟ್ಟಿಕೊಂಡು ಇಳಿದು ಅವನನ್ನು ಮೇಲೆತ್ತಿದರು. ಬೊಂಬಿನಿಂದ ಬೆರಳು ಬಿಡಿಸುವುದಕ್ಕೆ ಒಬ್ಬೊಬ್ಬರು ಒಂದೊಂದು ಬೆರಳು ಹಿಡಿಯಬೇಕಾಯಿತು. ಹಾಯಿ ದೋಣಿಯ ಆಳು, ಹಾಯಿಯ ಮರ ತಿರುಗುವಾಗ ಹೊಡೆದು ಬೆಳಿಗ್ಗೆ ನೀರಿಗೆ ಬಿದ್ದಿದ್ದನಂತೆ. ಯಾರೋ ಕಂಬಳಿ ಹೊದಿಸಿದರು, ಯಾರೋ ಚಹ ಕುಡಿಸಿದರು. ಜನವೆಲ್ಲ ಅಕ್ಕೋರನ್ನು ದೇವರ ಹಾಗೆ ನೋಡುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಕೊನೆಗೂ ಇವರ ಭಾರ ಇಳಿಯಿತು ಎಂದು ನನಗೆ ನಿಜವಾಗಿ ಸಂತೋಷವಾಯಿತು.

ಅಕ್ಕೋರು ಅವನ ಎದುರು ಕುಕ್ಕರುಗಾಲಲ್ಲಿ ಕೂತರು. ನನ್ನ ಕಡೆ ತಿರುಗಿ, "ಹಿಂದೀ ಒಳಗ ಕೇಳು. ನಮಗಿಂತಾ ಮೊದಲ ಯಾವದರೆ ಲಾಂಚ್ ಹೋತೇನು ಅಂತ" ಎಂದರು. ಕೇಳಿದೆ. ಅವನ ಹಲ್ಲು ಕಟಕಟ ಅನ್ನುತ್ತಿತ್ತು.

"ಗಯಾ. ಪಾಸ್ ಸೇ ಗಯಾ." ಹತ್ತಿರದಿಂದಲೇ ಹೋಯಿತು.

"ಮಂದಿ ನಿನ್ನ ನೋಡಿದ್ರೇನು ಅಂತ ಕೇಳು."

"ಬಹುತ್ ಲೋಗ್ ದೇಖಾ" ಎಂದ ಅವನು. ಬಹಳ ಜನ ನೋಡಿದರು. "ಆವಾಜ್ ನಹೀಂ ನಿಕಲಾ ಮೇರಾ. ಹಾತ್ ಛೋಡತಾ ತೋ ಡೂಬ್ ಜಾತಾ. ಏಕ್ ಬಾಈ ಬಚ್ಚೇ ಕೋ ಉಠಾಕೇ ದಿಖಾಯಾ ಮೇರೇ ಕೋ."

ದನಿ ಏಳಲಿಲ್ಲ, ಕೈ ಬಿಟ್ಟರೆ ಮುಳುಗುತ್ತಿದ್ದೆ. ಒಬ್ಬ ಹೆಂಗಸು ಮಗುವನ್ನು ಎತ್ತಿ ಹಿಡಿದು ನನ್ನನ್ನು ತೋರಿಸಿದಳು. ಇಷ್ಟನ್ನು ಅಕ್ಕೋರಿಗೆ ಕನ್ನಡದಲ್ಲಿ ಹೇಳಬೇಕಾದವಳು ನಾನು. ಹೇಳಿದೆ. ಅವರು ಎದ್ದು ಹೋಗಿ ಹೆಂಗಸರ ಬೆಂಚಿನ ಮೇಲೆ ಕೂತರು. ಅವರು ಅಲ್ಲಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಂದ್ರ ಆವತ್ತ ಆ ಹಮಾಲ ನನ್ನ ನೋಡಿರಬೇಕು" ಎಂದರು. "ನಾ ಅವನ್ನ ನೋಡಿದ್ದಷ್ಟ ಅಲ್ಲ. ಅವನೂ ನನ್ನ ನೋಡಿರಬೇಕು."

ನಾನು ಅವರ ಕೈ ಹಿಡಿದುಕೊಂಡೆ. ಒಂದು ಜೀವ ಉಳಿಸಿದರೆ ಇನ್ನೊಂದರ ಲೆಕ್ಕ ಹರಿಯುತ್ತದೆ ಎಂದುಕೊಂಡಿದ್ದೆ. ಹಾಗೆ ಹರಿಯುವುದಿಲ್ಲ ಎಂದು ಆ ಬೆಂಚಿನ ಮೇಲೆ ಕಲಿತೆ.

ಟಿಕೆಟಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಏಜೆಂಟ್ ಮುಂದಿನ ಶನಿವಾರ ಒಂದು ತೆಂಗಿನಕಾಯಿ ಕೊಟ್ಟು ಕೈ ಮುಗಿದ. ಧಕ್ಕೆಯ ಮೇಲೆ ಎಮ್ಮೆಯ ಕೂಗೂ ನಿಂತಿತು. ಅಕ್ಕೋರು ಮತ್ತೆ ಕಟಕಟೆಯ ಬಳಿ ನಿಂತರು, ಮತ್ತೆ ಪೀಪಾಯಿಗಳಿಗೆ ಲಾಂಚ್ ನಿಲ್ಲಿಸಿದರು. ಈಗ ತಾಂಡೇಲ ಗೊಣಗುತ್ತಿರಲಿಲ್ಲ. ನಾನು ಶಾಲೆಯಲ್ಲಿ ಈ ಸಂಗತಿ ಹೇಳುತ್ತೇನೆ, ಹೆಡ್‌ಮಾಸ್ತರರು ಶಾಲು ಹೊದಿಸುತ್ತಾರೆ ಎಂದಾಗ ಅವರು ಕೊಡೆಯಿಂದ ನನ್ನ ದಾರಿಗೆ ಅಡ್ಡ ಹಿಡಿದರು. "ಹೇಳಬ್ಯಾಡ. ಒಬ್ಬಾವನ್ನ ಹೇಳಿದ್ರ ಇನ್ನೊಬ್ಬಾವನ್ನೂ ಹೇಳಬೇಕಾಗ್ತದ." ಅದಕ್ಕೇ ಶಾಲೆಗೆ ಅವರ ಬಗ್ಗೆ ತಿಳಿದದ್ದು ಹಕ್ಕಿಗಳಷ್ಟೇ. ಈಗ ನಾನು ಇಬ್ಬರನ್ನೂ ಹೇಳಿದ್ದೇನೆ, ಅವರು ಒಪ್ಪುತ್ತಾರೆಂದು ನಂಬಿದ್ದೇನೆ.

ಅವರು ಹೋದದ್ದು ಕಾಮಾಲೆಯಲ್ಲಿ, ಚೆಂಬೂರಿನ ತಮ್ಮನ ಮನೆಯಲ್ಲಿ, ಯುಗಾದಿ ಇನ್ನೇನು ಬಂತು ಎನ್ನುವಾಗ. ತಲೆಯಲ್ಲಿ ಇನ್ನೂ ಒಂದು ಬಿಳಿ ಕೂದಲಿರಲಿಲ್ಲ. ಅಸ್ಥಿಯ ಗಡಿಗೆಯನ್ನು ಮೋರಾದ ದಂಡೆಯಲ್ಲಿ ಬಿಡುವುದೆಂದು ಗಂಡ ನಿಶ್ಚಯಿಸಿದ್ದರು. ಶನಿವಾರದ ಲಾಂಚಿನಲ್ಲಿ ನಾನೂ ಜೊತೆಗೆ ಹೋದೆ. ಗಂಡ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಮೇಲುಸಿರು ಬಿಡುತ್ತ, ಬೆಂಚಿನ ತುದಿಯಲ್ಲಿ ಕೂತಿದ್ದರು. ನಾನು ಕಟಕಟೆಯ ಬಳಿ ನಿಂತು, ಚೆಂಬೂರಿನ ಮನೆಯಲ್ಲಿ ಉಳಿದಿದ್ದ ಅಕ್ಕೋರ ಕೊನೆಯ ಭಕ್ಕರಿಯನ್ನು ಮುರಿದು ಎಸೆಯುತ್ತಿದ್ದೆ. ಹಿಂದೆ ಬರುತ್ತಿದ್ದ ಹಕ್ಕಿಗಳು ಸ್ವಲ್ಪವೇ ಇದ್ದವು, ಎಲ್ಲವುಗಳ ತಲೆಯೂ ಕಪ್ಪಾಗಿತ್ತು.

ಕೆಂಪು ಬೋಯಾ ದಾಟಿದೆವು. ಎಂಜಿನ್ನಿನ ಸದ್ದು ಇಳಿಯಿತು, ಆಮೇಲೆ ಪೂರ್ತಿ ನಿಂತಿತು. ಯಾರೂ ಕೂಗಿರಲಿಲ್ಲ. ನೀರಿನ ಮೇಲೆ ಏನೂ ತೇಲುತ್ತಿರಲಿಲ್ಲ. ಆದರೂ ಮೀನಿನವರು ಬುಟ್ಟಿ ಬಿಟ್ಟು ಎದ್ದರು, ಕಾಯಿಪಲ್ಲೆಯವರು ಎದ್ದರು, ಒಬ್ಬೊಬ್ಬರಾಗಿ ಎಡಗಡೆಯ ಕಟಕಟೆಗೆ ಬಂದು ನೀರನ್ನು ನೋಡುತ್ತ ನಿಂತರು. ಲಾಂಚ್ ಆ ಕಡೆಗೆ ತುಸು ವಾಲಿತು. ಗಂಡನಿಗೆ ಅರ್ಥವಾಯಿತು. ಮೋರಾದವರೆಗೆ ಕಾಯದೆ ಗಡಿಗೆಯ ಬಾಯಿಯ ಬಟ್ಟೆ ಬಿಚ್ಚಿದರು.

ತಾಂಡೇಲ ಚುಕ್ಕಾಣಿ ಬಿಟ್ಟು ಬಂದು, ತಲೆಯ ಟೋಪಿ ತೆಗೆದು, ನೀರಿನ ಕಡೆ ಬಾಗಿದ.

"ಥಾಂಬವಲೀ, ಬಾಈ" ಎಂದ. ನಿಲ್ಲಿಸಿದ್ದೇನೆ.